ಮಕ್ಕಳೊಡನೆ ಗಟ್ಟಿಯಾಗಿ ಓದತಕ್ಕ ಪುಸ್ತಕಗಳು

ಮಕ್ಕಳಿಗೆ ಓದಿ ಹೇಳುವುದಕ್ಕೆ ಯಾವ ಪುಸ್ತಕವು ಒಳ್ಳೆಯದೆಂದು ಗೃಹಸ್ಥರಲ್ಲಿ ಅನೇಕರು ಕೇಳುವುದುಂಟು. ಹಾಗೆ ಕೇಳುವವರ ಮನಸ್ಸಿನಲ್ಲಿ ಬಹುಮಟ್ಟಿಗೆ ಬೇರೊಂದು ಪ್ರಶ್ನೆಯು ಅಡಗಿರುತ್ತದೆ. ಯಾವ ಪುಸ್ತಕದಿಂದ ಮಗುವಿಗೆ ನೀತಿ ತಿಳಿದೀತು, ಯಾವುದರಿಂದ ಶಾಲೆಯ ಪಾಠಕ್ಕೆ ಸಹಾಯವಾದೀತು, ಯಾವುದರಿಂದ ಜ್ಞಾನವು ಹೆಚ್ಚೀತು ಎಂಬುದೇ ಆ ಪ್ರಶ್ನೆ. ಮಕ್ಕಳ ಹಿತವನ್ನು ಬಯಸುವವರಿಗೆ ಇಂತಹ ಆಲೋಚನೆಯು ಸಹಜವೇ ಸರಿ. ಆದರೆ ಗಟ್ಟಿಯಾಗಿ ಓದುವ ಪುಸ್ತಕವನ್ನು ಆರಿಸುವಾಗ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳತಕ್ಕ ಮಾತು ಒಂದಿದೆ. ಇದನ್ನು ಓದುವಾಗ ಓದುವವರಿಗೆ ಸಂತೋಷವಾಗುವುದೆ? ಓದುವ ತಾಯಿಗೋ ತಂದೆಗೋ ಅಜ್ಜಿಗೋ ರುಚಿಸದ ಪುಸ್ತಕವು ಕೇಳುವ ಮಗುವಿಗೆ ರುಚಿಸುವುದು ದುರ್ಲಭ. ಮಾತಿನ ಅರ್ಥವು ತಿಳಿಯುವುದಕ್ಕೆ ಮುಂಚೆಯೇ ಧ್ವನಿಯಲ್ಲಿರುವ ಬೇಸರವು ಮಗುವಿಗೆ ತಿಳಿದುಹೋಗುತ್ತದೆ.

ಗಟ್ಟಿಯಾಗಿ ಓದುವುದು ನಮ್ಮ ನಾಡಿಗೆ ಹೊಸ ಪದ್ಧತಿಯೇನೂ ಅಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು ಮೌನವಾಗಿ ತನ್ನಷ್ಟಕ್ಕೆ ತಾನೇ ಓದಿಕೊಳ್ಳುವುದೇ ಈಚಿನ ಅಭ್ಯಾಸವೆನ್ನಬಹುದು. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಶತಮಾನಗಳ ಕಾಲ ಕನ್ನಡನಾಡಿನ ಮನೆಗಳಲ್ಲಿ ಉಳಿದು ಬಂದದ್ದು ಕಿವಿಯ ಮೂಲಕವೇ. ಗಮಕಿಯು ಷಟ್ಪದಿಯನ್ನು ರಾಗವಾಗಿ ವಾಚನ ಮಾಡುವನು. ಪಕ್ಕದಲ್ಲಿ ಕುಳಿತವರು ಅದರ ಅರ್ಥವನ್ನು ವಿವರಿಸುವರು. ಜಗಲಿಯಲ್ಲಿಯೂ ದೇವಸ್ಥಾನದ ಪ್ರಾಕಾರದಲ್ಲಿಯೂ ಕುಳಿತು ಕೇಳುತ್ತಿದ್ದವರಲ್ಲಿ ಅಕ್ಷರ ಬಲ್ಲವರು ಎಷ್ಟೋ ಅಷ್ಟೇ. ಆದರೂ ಆ ಜನರ ಬಾಯಲ್ಲಿ ಕಾವ್ಯದ ಮಾತು ನಿತ್ಯವ್ಯವಹಾರದ ಮಾತಿನಂತೆಯೇ ಓಡಾಡುತ್ತಿತ್ತು. ತೊಡೆಯ ಮೇಲೆ ತೂಕಡಿಸುತ್ತಿದ್ದ ಮಗುವಿಗೂ ಅದರಲ್ಲಿ ಒಂದು ಪಾಲು ಸಲ್ಲುತ್ತಿತ್ತು. ಆ ಮಗುವಿಗಾಗಿ ಪ್ರತ್ಯೇಕವಾಗಿ ಯಾರೂ ಓದುತ್ತಿರಲಿಲ್ಲ. ಹಿರಿಯರು ತಮ್ಮ ಸಂತೋಷಕ್ಕೆ ಓದುತ್ತಿದ್ದರು, ಮಗುವು ಅದರಲ್ಲಿ ಸೇರಿಕೊಳ್ಳುತ್ತಿತ್ತು.

ಈಗ ಕಾಲವು ಬದಲಾಗಿದೆ. ಪಟ್ಟಣದ ಮಕ್ಕಳಲ್ಲಿ ಅನೇಕರು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಅವರು ಆಡುವ ಕನ್ನಡವು ಊಟ, ಸ್ನಾನ, ಬಟ್ಟೆ, ಗದರಿಕೆ ಇವುಗಳ ಕನ್ನಡ. ಪುಸ್ತಕದ ಕನ್ನಡವು ಪರೀಕ್ಷೆಗಾಗಿ ಓದುವ ಒಂದು ವಿಷಯವಾಗಿ ಮಾತ್ರ ಅವರಿಗೆ ಎದುರಾಗುತ್ತದೆ. ಮುಂಬಯಿಯಲ್ಲಿಯೂ ದೆಹಲಿಯಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಅಷ್ಟೂ ಇಲ್ಲ. ಹೀಗಿರುವಲ್ಲಿ ಕಥೆಯ ಕನ್ನಡವು, ಎಂದರೆ ಕಾಡನ್ನೂ ಮಳೆಯನ್ನೂ ಅರಮನೆಯನ್ನೂ ಕಳ್ಳನ ಹೆಜ್ಜೆಯನ್ನೂ ವರ್ಣಿಸಬಲ್ಲ ಕನ್ನಡವು, ಮಗುವಿನ ಕಿವಿಗೆ ಬೀಳತಕ್ಕ ಸ್ಥಳವು ಮನೆಯೊಂದೇ ಆಗಿ ಉಳಿದಿದೆ. ಅಲ್ಲಿಯೂ ಬೀಳದಿದ್ದರೆ ಮತ್ತೆಲ್ಲಿಯೂ ಬೀಳದು. ಆದುದರಿಂದಲೇ ಪುಸ್ತಕದ ಆಯ್ಕೆಯನ್ನು ಕುರಿತು ಇಷ್ಟು ವಿಸ್ತಾರವಾಗಿ ಬರೆಯಬೇಕಾಗಿದೆ.

ಪುಸ್ತಕವನ್ನು ಪರೀಕ್ಷಿಸುವ ಬಗೆಯು ಸುಲಭವಾದದ್ದು. ಅಂಗಡಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಪುಸ್ತಕವನ್ನು ತೆರೆದು ಒಂದು ಪುಟವನ್ನು ಮೆಲುದನಿಯಲ್ಲಿಯಾದರೂ ಬಾಯಿಬಿಟ್ಟು ಓದಿ ನೋಡಿರಿ. ಕಣ್ಣಿಗೆ ಚೆನ್ನಾಗಿ ಕಾಣುವ ವಾಕ್ಯವು ಎಷ್ಟೋ ಸಲ ನಾಲಗೆಯ ಮೇಲೆ ತೊಡರುತ್ತದೆ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಭಾಷಾಂತರಿಸಿದ ಪುಸ್ತಕಗಳಲ್ಲಿ ಈ ದೋಷವು ಹೆಚ್ಚು. ಚಿತ್ರವು ಅಂದವಾಗಿರುತ್ತದೆ, ಕಾಗದವು ನುಣುಪಾಗಿರುತ್ತದೆ. ಆದರೆ ವಾಕ್ಯದ ಕೊನೆಯನ್ನು ಮುಟ್ಟುವ ಹೊತ್ತಿಗೆ ಓದುವವರ ಉಸಿರು ಕಟ್ಟುತ್ತದೆ. ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿಯೇ ವಾಕ್ಯವೂ ನಿಲ್ಲುವ ಪುಸ್ತಕವನ್ನು ತೆಗೆದುಕೊಳ್ಳತಕ್ಕದ್ದು.

ಎರಡನೆಯದಾಗಿ, ಮೊದಲನೆಯ ಪುಟದಲ್ಲಿ ಏನಾದರೂ ನಡೆಯುವುದೋ ನೋಡಬೇಕು. ಊರಿನ ವರ್ಣನೆ, ರಾಜನ ಗುಣಗಳ ಪಟ್ಟಿ, ಋತುವಿನ ಶೋಭೆ ಇವುಗಳಿಗೆ ದೊಡ್ಡವರು ಕಾದಿರಬಲ್ಲರು. ಐದು ವರ್ಷದ ಮಗುವು ಕಾಯದು. ಮೂರನೆಯದಾಗಿ, ಕಥೆಯಲ್ಲಿ ಮಾತುಕತೆಯು ಧಾರಾಳವಾಗಿರಬೇಕು. ಸಿಂಹಕ್ಕೆ ಒಂದು ಧ್ವನಿ, ಮೊಲಕ್ಕೆ ಒಂದು ಧ್ವನಿ ಎಂದು ಬೇರೆಬೇರೆಯಾಗಿ ನುಡಿಯುವ ಅವಕಾಶವಿದ್ದರೆ ಓದುವವರಿಗೂ ಉತ್ಸಾಹ, ಕೇಳುವವರಿಗೂ ಉತ್ಸಾಹ. ನಾಲ್ಕನೆಯದಾಗಿ, ಒಂದು ಸಲ ಕುಳಿತಾಗ ಹತ್ತು ಹದಿನೈದು ನಿಮಿಷಗಳಲ್ಲಿ ಒಂದು ಕಥೆಯಾಗಲಿ ಒಂದು ಅಧ್ಯಾಯವಾಗಲಿ ಮುಗಿಯುವಂತಿರಬೇಕು. ನಡುವೆ ನಿಲ್ಲಿಸಿದ ಕಥೆಯು ಚಿಕ್ಕ ಮಕ್ಕಳಿಗೆ ಅಳುವನ್ನೇ ತರುತ್ತದೆ.

ನೀತಿಯ ವಿಷಯವಾಗಿ ಒಂದು ಮಾತು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಎಷ್ಟೋ ಕಥೆಗಳ ಕೊನೆಯಲ್ಲಿ ಇದರಿಂದ ತಿಳಿಯತಕ್ಕ ನೀತಿ ಇಂಥದು ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಆ ಸಾಲನ್ನು ಓದದೆ ಬಿಟ್ಟುಬಿಡಬಹುದು. ಕಥೆಯಲ್ಲಿ ನೀತಿಯಿದ್ದರೆ ಅದು ಆಗಲೇ ಮಗುವಿಗೆ ತಲುಪಿರುತ್ತದೆ. ಇಲ್ಲದಿದ್ದರೆ ಆ ಒಂದು ಸಾಲಿನಿಂದ ತಲುಪಲಾರದು. ಪಂಚತಂತ್ರವನ್ನೇ ನೋಡಿರಿ. ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಅದನ್ನು ಕನ್ನಡಕ್ಕೆ ತಂದನು. ಅಂದಿನಿಂದ ಇಂದಿನವರೆಗೆ ನಾವು ಅದನ್ನು ನೀತಿಯ ಭಂಡಾರವೆಂದೇ ಹೊಗಳುತ್ತ ಬಂದಿದ್ದೇವೆ. ಆದರೆ ಅದರ ಮೊದಲನೆಯ ತಂತ್ರದಲ್ಲಿ ಸಿಂಹಕ್ಕೂ ಎತ್ತಿಗೂ ಬೆಳೆದಿದ್ದ ಸ್ನೇಹವನ್ನು ನರಿಯು ಚಾಡಿ ಹೇಳಿ ಮುರಿಯುತ್ತದೆ, ಎತ್ತು ಸಾಯುತ್ತದೆ, ನರಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಇದನ್ನು ಕೇಳಿದ ಮಗುವು ನರಿಗೆ ಏಕೆ ಶಿಕ್ಷೆಯಾಗಲಿಲ್ಲವೆಂದು ಕೇಳಿದರೆ ಅದಕ್ಕಿಂತ ಹೆಚ್ಚಿನ ನೀತಿಪಾಠವು ಇನ್ನೇನು ಬೇಕು? ಆ ಪ್ರಶ್ನೆಯನ್ನು ಮಗುವಿನ ಬಾಯಿಂದ ಬರಗೊಡಬೇಕು. ನಾವೇ ಮುಂದಾಗಿ ಉತ್ತರವನ್ನು ಕೊಟ್ಟರೆ ಪ್ರಶ್ನೆಯು ಹುಟ್ಟುವುದೇ ಇಲ್ಲ.

ಇನ್ನು ಅರ್ಥವಿಲ್ಲದ ಹಾಡುಗಳನ್ನು ಕುರಿತು ಕೆಲವರು ಮೂಗು ಮುರಿಯುತ್ತಾರೆ. ತಲೆಕೆಳಗಾದ ಸಂಗತಿಗಳನ್ನು ಹೇಳುವ ಪದ್ಯಗಳಿಂದ ಮಕ್ಕಳ ಬುದ್ಧಿಯು ಕೆಡುವುದೆಂದು ಅವರ ಭಯ. ರಷ್ಯಾ ದೇಶದ ಕವಿ ಕೊರ್ನೇಯ್ ಚುಕೋವ್‌ಸ್ಕಿಯು (1882–1969) ಇದೇ ಆಕ್ಷೇಪಣೆಯನ್ನು ಎದುರಿಸಬೇಕಾಯಿತು. 1928ರಲ್ಲಿ ಅವನ ‘ಮೊಸಳೆ’ ಎಂಬ ಮಕ್ಕಳ ಕಾವ್ಯವನ್ನು ಲೆನಿನ್ನನ ಪತ್ನಿ ಕ್ರುಪ್‌ಸ್ಕಾಯಾ ಅವರೇ ಪತ್ರಿಕೆಯಲ್ಲಿ ಖಂಡಿಸಿ ಬರೆದರು. ಚುಕೋವ್‌ಸ್ಕಿಯು ಚಿಕ್ಕ ಮಕ್ಕಳ ಮಾತನ್ನು ಅನೇಕ ವರ್ಷ ಗಮನಿಸಿ ‘ಎರಡರಿಂದ ಐದರವರೆಗೆ’ ಎಂಬ ಗ್ರಂಥವನ್ನು ಬರೆದವನು. ಎರಡು ವರ್ಷವೂ ತುಂಬಿರದ ಅವನ ಮಗಳು ಒಂದು ದಿನ ತಂದೆಯ ಬಳಿಗೆ ಬಂದು ನಾಯಿಯು ಬೆಕ್ಕಿನಂತೆ ಕೂಗುವುದೆಂದು ಹೇಳಿ ನಕ್ಕಳಂತೆ. ನಾಯಿಯು ಹೇಗೆ ಬೊಗಳುವುದೆಂದು ಚೆನ್ನಾಗಿ ಬಲ್ಲ ಮಗುವಿಗೆ ಮಾತ್ರ ಆ ಮಾತಿನಲ್ಲಿ ನಗು ಹುಟ್ಟೀತು. ತಲೆಕೆಳಗಾದುದನ್ನು ಕಂಡು ನಗುವ ಮಗುವಿಗೆ ನೆಟ್ಟಗಿರುವುದು ಯಾವುದೆಂಬುದು ದೃಢವಾಗುತ್ತದೆಯೆಂದು ಅವನು ವಾದಿಸಿದನು. ನಮ್ಮ ಅಜ್ಜಿಯರು ಯಾವ ಗ್ರಂಥವನ್ನೂ ಓದದೆ ಇದನ್ನು ಬಲ್ಲವರಾಗಿದ್ದರು.

ವಯಸ್ಸಿಗೆ ತಕ್ಕಂತೆ ಆಯ್ಕೆಯು ಹೇಗಿರಬೇಕೆಂಬುದನ್ನು ಈಗ ವಿಚಾರ ಮಾಡೋಣ. ಮಾತು ಬಾರದ ಕೂಸಿಗೂ ಓದಿ ಹೇಳಬೇಕೆ ಎಂದು ನಗುವವರುಂಟು. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವು ಶೈಶವದಿಂದಲೇ ಗಟ್ಟಿಯಾಗಿ ಓದಿ ಕೇಳಿಸುವಂತೆ ತಂದೆತಾಯಿಗಳಿಗೆ ವೈದ್ಯರು ತಿಳಿಯಹೇಳಬೇಕೆಂದು ವಿಧಿಸಿತು. ಕೂಸಿಗೆ ಬೇಕಾದದ್ದು ಲಯ. ಜೋಗುಳವೂ ಶಿಶುಪ್ರಾಸವೂ ಅದಕ್ಕೆ ಸಾಕು. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಪದ್ಯಗಳು ತಲೆಮಾರುಗಳನ್ನು ದಾಟಿ ಇಂದಿಗೂ ಮಕ್ಕಳ ಬಾಯಲ್ಲಿರುವುದಕ್ಕೆ ಕಾರಣವೇನು? ಪದಗಳು ಚಿಕ್ಕವು, ಪ್ರಾಸವು ಬಿಗಿ, ಪದ್ಯದಲ್ಲಿ ಬರುವ ವಸ್ತುಗಳು ಮಗುವಿನ ಕೈಗೆ ಎಟಕುವಂಥವು. ಕೈತಾಳ ಹಾಕುತ್ತ ಇವುಗಳನ್ನು ಓದಿದರೆ ಕೂಸಿನ ಕಾಲು ತಾನಾಗಿಯೇ ಕುಣಿಯುತ್ತದೆ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದೇ ಮಾತು ಮರುಕಳಿಸುವ ಕಥೆಗಳು ಬಹಳ ಪ್ರಿಯ. ಕಾಗಕ್ಕ ಗುಬ್ಬಕ್ಕನ ಕಥೆಯು ಇದಕ್ಕೆ ಉತ್ತಮವಾದ ಉದಾಹರಣೆ. ಮಳೆಯಲ್ಲಿ ಮನೆ ಕೊಚ್ಚಿಹೋದ ಕಾಗೆಯು ಬಂದು ಬಾಗಿಲು ತಟ್ಟುತ್ತದೆ. ಗುಬ್ಬಿಯು ಒಂದೊಂದು ಸಲಕ್ಕೆ ಒಂದೊಂದು ನೆಪವನ್ನು ಹೇಳಿ ತಡಮಾಡುತ್ತದೆ. ಮೂರನೆಯ ಸಲ ಬಾಗಿಲು ತಟ್ಟುವ ಹೊತ್ತಿಗೆ ಓದುವವರು ಸುಮ್ಮನಿದ್ದರೂ ಮಗುವೇ ಗುಬ್ಬಿಯ ಮಾತನ್ನು ಹೇಳುತ್ತದೆ. ಮಂಗಳೂರಿನ ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದೂ ಇದೇ ಜಾತಿಗೆ ಸೇರಿದ್ದು. ಒಂದು ಪ್ರಶ್ನೆಗೆ ಬಂದ ಉತ್ತರವೇ ಮುಂದಿನ ಪ್ರಶ್ನೆಗೆ ಕಾರಣವಾಗುತ್ತ ಸರಪಳಿಯಂತೆ ಬೆಳೆಯುವ ಕಥೆ ಅದು. ಪಂಜೆಯವರ ಮನೆಮಾತು ಕೊಂಕಣಿ, ಅವರ ಸುತ್ತಲ ಊರಿನ ಮಾತು ತುಳು. ಆದರೂ ಕನ್ನಡದ ಮಕ್ಕಳಿಗೆ ಅವರು ಕೊಟ್ಟಷ್ಟು ನವುರಾದ ಕನ್ನಡವನ್ನು ಕೊಟ್ಟವರು ವಿರಳ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಕುಟುಂಬದವರು ಕನ್ನಡದ ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳಲು ಹಿಂದೆಗೆಯಬೇಕಾಗಿಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಈ ವಯಸ್ಸಿನ ಮಕ್ಕಳು ಒಂದೇ ಕಥೆಯನ್ನು ಹತ್ತು ರಾತ್ರಿ ಕೇಳಬಯಸುತ್ತಾರೆ. ಒಂದು ಪದವು ಬದಲಾದರೂ ಸೈರಿಸುವುದಿಲ್ಲ. ಇಂಗ್ಲಿಷ್ ಲೇಖಕ ಕಿಪ್ಲಿಂಗನು ತನ್ನ ಮಗಳು ಜೋಸೆಫೀನಳಿಗೆ ಮಲಗುವ ವೇಳೆಯಲ್ಲಿ ಹೇಳುತ್ತಿದ್ದ ಕೆಲವು ಕಥೆಗಳನ್ನು ಅವಳು ಹೀಗೆಯೇ, ಒಂದು ಮಾತೂ ತಪ್ಪದಂತೆ, ಹೇಳಬೇಕೆಂದು ಹಟ ಹಿಡಿಯುತ್ತಿದ್ದಳು. ‘ಹೀಗೆಯೇ’ ಎಂಬ ಅರ್ಥದ ಹೆಸರನ್ನೇ ಅವನು 1902ರಲ್ಲಿ ಅಚ್ಚಾದ ಆ ಕಥಾಸಂಗ್ರಹಕ್ಕೆ ಇಟ್ಟನು. ಆ ಮಗಳು ಅದಕ್ಕೆ ಮೂರು ವರ್ಷ ಮೊದಲೇ ಆರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದಳು. ಮತ್ತೆ ಅದೇ ಕಥೆಯೆ ಎಂದು ಬೇಸರಪಡುವ ಹಿರಿಯರು ಇದನ್ನು ನೆನೆಯಬೇಕು. ಮಗುವಿಗೆ ಹತ್ತನೆಯ ಸಲದ ಓದಿನಲ್ಲಿಯೂ ಹೊಸದು ದೊರಕುತ್ತದೆ. ಮೊದಲ ಸಲ ಕಥೆಯೇನೆಂದು ತಿಳಿಯುತ್ತದೆ. ಆಮೇಲೆ ಮಾತುಗಳು ತಿಳಿಯುತ್ತವೆ. ಕೊನೆಗೆ ಆ ಮಾತುಗಳು ಮಗುವಿನ ಸ್ವಂತವಾಗುತ್ತವೆ. ಹತ್ತು ಸಲ ಓದಿದರೂ ನಮಗೆ ಬೇಸರವಾಗದ ಪುಸ್ತಕವನ್ನು ಮೊದಲೇ ಆರಿಸಿಕೊಳ್ಳಬೇಕೆಂದು ಹೇಳಿದುದು ಇದಕ್ಕಾಗಿಯೇ.

ಆರು ವರ್ಷ ದಾಟಿದ ಮಕ್ಕಳಿಗೆ ಕಥೆಯಲ್ಲಿ ಅಪಾಯವೂ ಬೇಕು, ಆಶ್ಚರ್ಯವೂ ಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಸಮಾನವಾದದ್ದು ಈ ವಯಸ್ಸಿಗೆ ಸಿಕ್ಕುವುದು ಕಷ್ಟ. ಅದರ ಮೂಲವು ಇಂಗ್ಲಿಷ್ ಕವಿ ಬ್ರೌನಿಂಗನ ಕಾವ್ಯ. ನಟನಾಗಿದ್ದ ಸ್ನೇಹಿತನೊಬ್ಬನ ಚಿಕ್ಕ ಮಗನು ಕಾಯಿಲೆಯಿಂದ ಮಲಗಿದ್ದಾಗ ಆ ಹುಡುಗನ ವಿನೋದಕ್ಕಾಗಿ ಬ್ರೌನಿಂಗನು ಅದನ್ನು ಬರೆದನು; 1842ರಲ್ಲಿ ಅದು ಅಚ್ಚಾಯಿತು. ಜರ್ಮನಿಯ ಹ್ಯಾಮೆಲಿನ್ ಊರಿನ ಆ ಕಥೆಯು ಕುವೆಂಪು ಅವರ ಕೈಯಲ್ಲಿ ತುಂಗಾತೀರದ ಕಥೆಯಾಯಿತು. ಕೊಳಲಿನವನು ಕಿಂದರಿಯ ಜೋಗಿಯಾದನು. ಇಲಿಗಳ ದಂಡು ಹೊರಡುವ ಭಾಗವನ್ನು ನಿಧಾನವಾಗಿ ಓದುವುದು ಯಾರಿಂದಲೂ ಸಾಧ್ಯವಿಲ್ಲ. ಪದ್ಯವೇ ಓದುವವರನ್ನು ಓಡಿಸುತ್ತದೆ. ಕೊಟ್ಟ ಮಾತನ್ನು ದೊಡ್ಡವರು ತಪ್ಪಿದರೆ ಅದರ ಫಲವನ್ನು ಮಕ್ಕಳು ಉಣ್ಣಬೇಕಾಗುವುದೆಂಬ ಭಯಂಕರವಾದ ಸತ್ಯವು ಆ ಕಥೆಯಲ್ಲಿದೆ. ಅದು ಹಿರಿಯರಿಗೆ ಚುಚ್ಚುವಷ್ಟು ಮಕ್ಕಳಿಗೆ ಚುಚ್ಚುವುದಿಲ್ಲ. ಇಬ್ಬರಿಗೂ ಬೇರೆಬೇರೆಯಾಗಿ ಸಲ್ಲುವ ಪುಸ್ತಕವೆಂದರೆ ಇಂತಹುದು.

ಪ್ರತಿದಿನವೂ ಒಂದು ಹೊಸ ಕಥೆಯು ಬೇಕೆನ್ನುವ ಮನೆಗಳಿಗೆ ಅನುಪಮಾ ನಿರಂಜನ ಅವರ (1934–1991) ‘ದಿನಕ್ಕೊಂದು ಕಥೆ’ಯು ಒದಗುತ್ತದೆ. ವೃತ್ತಿಯಿಂದ ವೈದ್ಯೆಯಾಗಿದ್ದ ಅವರು ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಒಂದು ವರ್ಷಕ್ಕಾಗುವಷ್ಟು ಕಥೆಗಳನ್ನು ಕೂಡಿಸಿಕೊಟ್ಟರು. ಒಂದೊಂದು ಕಥೆಯೂ ಚಿಕ್ಕದು. ಮಲಗುವ ಮುನ್ನ ಓದಿ ಮುಗಿಸಬಹುದು. ಕನ್ನಡದಲ್ಲಿ 1949ರಲ್ಲಿ ಮೊದಲಾದ ‘ಚಂದಮಾಮ’ ಮಾಸಪತ್ರಿಕೆಯು 2013ರಲ್ಲಿ ನಿಂತುಹೋದರೂ ಎಷ್ಟೋ ಮನೆಗಳ ಅಟ್ಟದಲ್ಲಿ ಅದರ ಹಳೆಯ ಸಂಚಿಕೆಗಳು ಇದ್ದೇ ಇವೆ. ಅಜ್ಜನು ತಾನು ಹುಡುಗನಾಗಿದ್ದಾಗ ಓದಿದ ಸಂಚಿಕೆಯನ್ನೇ ಧೂಳು ಕೊಡವಿ ಮೊಮ್ಮಗಳಿಗೆ ಓದಿ ಹೇಳಿದರೆ, ಆ ಓದಿನಲ್ಲಿ ಅವನಿಗೆ ಬರುವ ಸಂತೋಷವನ್ನು ಹೊಸ ಪುಸ್ತಕವು ತಂದುಕೊಡಲಾರದು.

ಒಂಬತ್ತು ಹತ್ತು ವರ್ಷದ ಮಕ್ಕಳು ತಾವೇ ಓದಬಲ್ಲರು. ಇನ್ನು ನಾವೇಕೆ ಓದಬೇಕು ಎಂದು ಬಹು ಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇದು ವಿಚಾರಮಾಡತಕ್ಕ ವಿಷಯ. ಮಗುವಿನ ಕಿವಿಯು ಕಣ್ಣಿಗಿಂತ ಬಹಳ ಮುಂದಿರುತ್ತದೆ. ಅಕ್ಷರವನ್ನು ಕೂಡಿಸಿ ಕೂಡಿಸಿ ಚಿಕ್ಕ ವಾಕ್ಯಗಳನ್ನು ಓದುವ ಮಗುವು, ಯಾರಾದರೂ ಓದಿ ಹೇಳಿದರೆ, ತನ್ನ ಓದಿಗೆ ನಿಲುಕದ ದೊಡ್ಡ ಕಥೆಯನ್ನು ಸುಖವಾಗಿ ಅನುಸರಿಸಬಲ್ಲುದು. ತಾನೇ ಓದಬಲ್ಲ ಪುಸ್ತಕವು ಚಪ್ಪೆಯಾಗಿಯೂ, ರುಚಿಸತಕ್ಕ ಪುಸ್ತಕವು ಕಷ್ಟವಾಗಿಯೂ ಇರುವ ಈ ನಡುಗಾಲದಲ್ಲಿಯೇ ಎಷ್ಟೋ ಮಕ್ಕಳು ಕನ್ನಡದ ಓದನ್ನು ಕೈಬಿಡುತ್ತಾರೆ. ಆ ಎರಡು ಮೂರು ವರ್ಷ ಹಿರಿಯರ ಧ್ವನಿಯು ಸೇತುವೆಯಾಗಿರಬೇಕು.

ಇವರಿಗೆ ದಿನಕ್ಕೊಂದು ಅಧ್ಯಾಯದಂತೆ ಹಲವು ರಾತ್ರಿ ನಡೆಯುವ ಪುಸ್ತಕಗಳನ್ನು ಹಿಡಿಯಬಹುದು. ಜಪಾನಿನ ತೆತ್ಸುಕೊ ಕುರೊಯಾನಗಿ ಅವರ ‘ತೊತ್ತೊ-ಚಾನ್’ ಕನ್ನಡದಲ್ಲಿಯೂ ದೊರಕುತ್ತದೆ. ರೈಲಿನ ಡಬ್ಬಿಗಳನ್ನೇ ತರಗತಿಗಳನ್ನಾಗಿ ಮಾಡಿಕೊಂಡಿದ್ದ ಟೋಕಿಯೋ ನಗರದ ಒಂದು ಶಾಲೆಯ ಕಥೆ ಅದು. ಆ ಶಾಲೆಯು 1945ರಲ್ಲಿ ಯುದ್ಧದ ಬಾಂಬಿಗೆ ಸುಟ್ಟುಹೋಯಿತು. ಅಧ್ಯಾಯಗಳು ಚಿಕ್ಕವಾಗಿರುವುದರಿಂದ ಗಟ್ಟಿಯಾಗಿ ಓದಲು ಅನುಕೂಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಇವು ಮಕ್ಕಳಿಗೆಂದೇ ಬರೆದವಲ್ಲ. ಆದರೂ ಹತ್ತು ವರ್ಷದ ಮಗುವಿನೊಡನೆ ಓದಲು ಇವುಗಳಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ತೇಜಸ್ವಿಯವರ ನಾಯಿ ಕಿವಿಯ ಸಾಹಸಗಳನ್ನು ಓದುವಾಗ ತಂದೆಯು ನಗುವನ್ನು ತಡೆಯಲಾರದೆ ನಿಲ್ಲಿಸಿದರೆ ಮಗುವಿಗೆ ಅದಕ್ಕಿಂತ ಹೆಚ್ಚಿನ ಆಕರ್ಷಣೆಯಿಲ್ಲ. ಕಥೆಗಿಂತ ಸಂಗತಿಗಳಲ್ಲಿಯೇ ಆಸಕ್ತಿಯುಳ್ಳ ಮಕ್ಕಳೂ ಉಂಟು. ಅಂಥವರಿಗಾಗಿಯೇ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಅದರಲ್ಲಿನ ವಿಜ್ಞಾನದ ಸಂಗತಿಗಳು ಕೆಲವು ಈಗ ಹಳೆಯವಾಗಿರುವುದು ಸಹಜ. ಆದರೆ ಮಗುವಿಗೆ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಗೆ ತಿಳಿಯಹೇಳಬೇಕೆಂಬುದನ್ನು ಹಿರಿಯರು ಅದರಿಂದ ಇಂದಿಗೂ ಕಲಿಯಬಹುದು.

ಆರಿಸಿದ ಪುಸ್ತಕವನ್ನು ಓದುವ ಕ್ರಮದಲ್ಲಿಯೂ ಕೆಲವು ಎಚ್ಚರಿಕೆಗಳಿವೆ. ಮೊದಲನೆಯದು, ಹಿರಿಯರು ಒಂದು ಸಲ ತಾವೇ ಓದಿ ನೋಡಿಕೊಂಡಿರಬೇಕು. ಹಳೆಯ ಕಥೆಗಳಲ್ಲಿ ಮಲತಾಯಿಯರೆಲ್ಲ ಕ್ರೂರಿಗಳು. ಕಪ್ಪು ಬಣ್ಣದವರೂ ಕುಂಟರೂ ಕುರುಡರೂ ಹಾಸ್ಯಕ್ಕೆ ಗುರಿ. ಜಾತಿಯನ್ನು ಹೀಗಳೆಯುವ ಗಾದೆಗಳೂ ನಡುವೆ ನುಸುಳಿರುತ್ತವೆ. ಚಿಕ್ಕ ಮಕ್ಕಳ ಮುಂದೆ ಅಂತಹ ಮಾತನ್ನು ಬಿಟ್ಟು ಓದುವುದರಲ್ಲಿ ದೋಷವಿಲ್ಲ. ದೊಡ್ಡ ಮಕ್ಕಳ ಮುಂದೆ ಅದನ್ನು ಓದಿ, ಇದು ಸರಿಯೆ ಎಂದು ಕೇಳಬಹುದು. ರಾಕ್ಷಸರ ಭಯವು ಬೇರೆ ಮಾತು. ತಾಯಿಯ ಮಗ್ಗುಲಲ್ಲಿ ಕುಳಿತ ಮಗುವು ರಾಕ್ಷಸನನ್ನು ಧೈರ್ಯವಾಗಿಯೇ ಎದುರಿಸುತ್ತದೆ. ಅಳ್ಳೆದೆಯ ಮಗುವಾದರೆ ಅಂತಹ ಕಥೆಯನ್ನು ಹಗಲಿನಲ್ಲಿ ಓದಿದರಾಯಿತು.

ಎರಡನೆಯದು, ಕಥೆಯ ನಡುವೆ ಪರೀಕ್ಷೆ ನಡೆಸಬಾರದು. ಈ ಪದದ ಅರ್ಥವೇನು, ಇದು ಯಾವ ವಿಭಕ್ತಿ ಎಂದು ಕೇಳಿದ ಕೂಡಲೇ ಮನೆಯು ಶಾಲೆಯಾಗುತ್ತದೆ, ಮಗುವು ಎದ್ದುಹೋಗುತ್ತದೆ. ಕಠಿಣವಾದ ಮಾತು ಬಂದರೆ ಕೈಸನ್ನೆಯಿಂದಲೋ ಧ್ವನಿಯಿಂದಲೋ ಸೂಚಿಸಿ ಮುಂದೆ ಸಾಗಬೇಕು. ಮಗುವೇ ಕೇಳಿದರೆ ಹೇಳಬೇಕು. ಮೂರನೆಯದು ಭಾಷೆಯ ವಿಷಯ. ಮನೆಯಲ್ಲಿ ‘ಬಂತು, ಹೋಯ್ತು’ ಎಂದು ಕೇಳಿದ ಮಗುವಿಗೆ ಪುಸ್ತಕದ ‘ಬಂದಿತು, ಹೋಯಿತು’ ಎಂಬುದು ಮೊದಮೊದಲು ವಿಚಿತ್ರವಾಗಿ ಕಾಣಬಹುದು. ಕಥನವನ್ನು ಅಚ್ಚಿನಲ್ಲಿದ್ದಂತೆಯೇ ಓದಿ, ಪಾತ್ರಗಳ ಮಾತುಗಳನ್ನು ಮಾತ್ರ ತಮ್ಮ ತಮ್ಮ ಸೀಮೆಯ ನುಡಿಯಲ್ಲಿ ಆಡಿಸುವುದು ಒಳ್ಳೆಯ ಉಪಾಯ. ಧಾರವಾಡದ ಮನೆಯ ನರಿಯು ಧಾರವಾಡದಂತೆ ಮಾತನಾಡಲಿ, ಮೈಸೂರಿನ ಮನೆಯ ನರಿಯು ಮೈಸೂರಿನಂತೆ ಮಾತನಾಡಲಿ. ಗ್ರಂಥದ ಕನ್ನಡವೂ ಮನೆಯ ಕನ್ನಡವೂ ಒಂದೇ ಬಾಯಿಂದ ಬರುವುದನ್ನು ಕೇಳಿದ ಮಗುವಿಗೆ ಎರಡೂ ತನ್ನವಾಗುತ್ತವೆ.

ನಾಲ್ಕನೆಯದು, ಈ ಕೆಲಸವು ಹೆಂಗಸರದೆಂದು ಗಂಡಸರು ದೂರ ಸರಿಯಬಾರದು. ಗಮಕದ ಓದಿಗೆ ಮನೆಯ ಯಜಮಾನನು ಹೆಮ್ಮೆಯಿಂದ ಕೂರುತ್ತಿದ್ದ ನಾಡು ಇದು. ಹಗಲೆಲ್ಲ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ಇದ್ದು ಬಂದ ತಂದೆಯ ಧ್ವನಿಯನ್ನು ಮಗುವು ಗದರಿಕೆಯಲ್ಲಿ ಮಾತ್ರ ಕೇಳುವಂತಾಗಬಾರದು. ರಾತ್ರಿಯ ಊಟವಾದ ಮೇಲೆ ಕಾಲುಗಂಟೆ, ಮೊಬೈಲನ್ನು ಬೇರೊಂದು ಕೋಣೆಯಲ್ಲಿಟ್ಟು ಕುಳಿತರೆ ಸಾಕು. ಅಕ್ಷರ ಬಾರದ ಅಜ್ಜಿಯಿದ್ದರೆ ಅವಳನ್ನೂ ಕರೆದು ಕೂರಿಸಬೇಕು. ಓದಿದ ಕಥೆಯು ಅವಳ ನೆನಪಿನಲ್ಲಿರುವ ಇನ್ನೊಂದು ಕಥೆಯನ್ನು ಎಬ್ಬಿಸುವುದು ಖಂಡಿತ.

ಇಂತಹ ನೆನಪಿನ ವಿಷಯವಾಗಿಯೇ ಕನ್ನಡದಲ್ಲಿ ಒಂದು ಜನಪದ ಕಥೆಯುಂಟು. ಮೈಸೂರಿನಲ್ಲಿ ಹುಟ್ಟಿದ ವಿದ್ವಾಂಸ ಎ. ಕೆ. ರಾಮಾನುಜನ್ ಅವರು (1929–1993) 1991ರಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಗ್ರಹದಲ್ಲಿ ಅದನ್ನು ಸೇರಿಸಿದ್ದಾರೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ತಿಳಿದಿದ್ದವು. ಅವಳು ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಒಳಗೇ ಇದ್ದು ಉಸಿರು ಕಟ್ಟಿದ ಅವೆರಡೂ, ಅವಳು ಬಾಯಿ ತೆರೆದು ನಿದ್ರಿಸುತ್ತಿದ್ದಾಗ ಹೊರಬಿದ್ದವು. ಕಥೆಯು ಒಂದು ಜೊತೆ ಪಾದರಕ್ಷೆಯಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸರ ಅಂಗಿಯಾಗಿ ಗೂಟಕ್ಕೆ ತೂಗಿಕೊಂಡಿತು. ಗಂಡನು ಬಂದು, ಮನೆಗೆ ಬಂದವರಾರೆಂದು ಕೇಳಿದನು. ಅವಳು ಏನೂ ಅರಿಯೆನೆಂದಳು. ಜಗಳವಾಗಿ ಅವನು ಹನುಮಂತನ ಗುಡಿಗೆ ಹೋಗಿ ಮಲಗಿದನು. ರಾತ್ರಿ ಊರಿನ ದೀಪಗಳ ಜ್ವಾಲೆಗಳೆಲ್ಲ ಆ ಗುಡಿಯಲ್ಲಿ ಕೂಡಿ ಹರಟುತ್ತಿದ್ದಾಗ ಅವನ ಮನೆಯ ದೀಪವೇ ನಡೆದುದನ್ನೆಲ್ಲ ಹೇಳಿತು. ಅವನು ಮನೆಗೆ ಮರಳಿ, ನಿನ್ನ ಕಥೆಯೆಲ್ಲಿ, ನಿನ್ನ ಹಾಡೆಲ್ಲಿ ಎಂದು ಹೆಂಡತಿಯನ್ನು ಕೇಳಿದನು. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಎಂದು ಅವಳೇ ಕೇಳಿದಳು.

ಈ ಕಥೆಯು ನಮಗೆ ಚೆನ್ನಾಗಿ ಅನ್ವಯಿಸುತ್ತದೆ. ನಮ್ಮ ತಲೆಮಾರಿನವರಿಗೆ ಒಂದಿಷ್ಟು ಕಥೆಗಳೂ ಹಾಡುಗಳೂ ಕಿವಿಯಿಂದ ಬಂದಿವೆ. ಮಕ್ಕಳಿಗೆ ಸಮಯ ಸಿಕ್ಕಿದಾಗ ಹೇಳೋಣ, ರಜೆ ಬಂದಾಗ ಓದೋಣ ಎಂದು ಮುಂದೂಡುತ್ತಿರುವಾಗಲೇ ಮಕ್ಕಳು ಬೆಳೆದುಬಿಡುತ್ತಾರೆ. ಆಮೇಲೆ ಅವರು ಕೇಳುವ ವಯಸ್ಸಿನಲ್ಲಿ ಇರುವುದಿಲ್ಲ, ನಮಗೂ ನೆನಪಿರುವುದಿಲ್ಲ.

ಪುಸ್ತಕಗಳನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಕರ್ನಾಟಕದ ನಗರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಗಳು ದೊರಕುತ್ತವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಮಕ್ಕಳಿಗೆಂದೇ ಒಂದು ಗ್ರಂಥಾಲಯವುಂಟು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂದು ಹೆಸರು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಅಲ್ಲಿ ಶುಲ್ಕವಿಲ್ಲದೆ ಸದಸ್ಯರನ್ನಾಗಿ ಸೇರಿಸಿಕೊಳ್ಳಲಾಯಿತು. ದೂರದೇಶದಲ್ಲಿರುವವರಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಣವಿಲ್ಲದೆ ದೊರಕುತ್ತವೆ. ವಾರಕ್ಕೊಮ್ಮೆ ಮಗುವನ್ನೇ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಎರಡು ಪುಸ್ತಕಗಳಲ್ಲಿ ಒಂದನ್ನು ಹಿರಿಯರೂ ಒಂದನ್ನು ಮಗುವೂ ಆರಿಸುವುದು ನ್ಯಾಯವಾದ ಏರ್ಪಾಡು. ಮಗುವು ಆರಿಸಿದ ಪುಸ್ತಕವು ನಮಗೆ ಹಿಡಿಸದಿದ್ದರೂ ಒಂದು ರಾತ್ರಿ ಅದನ್ನು ಮನಃಪೂರ್ವಕವಾಗಿ ಓದತಕ್ಕದ್ದು. ಮರುದಿನ ನಾವು ಆರಿಸಿದ್ದನ್ನು ಮಗುವು ಅಷ್ಟೇ ಸಹನೆಯಿಂದ ಕೇಳುತ್ತದೆ.

ಮನೆಯಲ್ಲಿ ಆಗಲೇ ಇರುವ ಮಕ್ಕಳ ಪುಸ್ತಕಗಳನ್ನು ಹರಿಯದಂತೆ, ಆದರೆ ಮಕ್ಕಳ ಕೈಗೆ ಸಿಕ್ಕುವಂತೆ, ಇಡುವ ಬಗೆಯನ್ನು ಮುಂದಿನ ತಿಂಗಳಲ್ಲಿ ವಿವರಿಸುವೆವು. ಅಷ್ಟರೊಳಗೆ ವಾಚಕರು ತಮ್ಮ ಅಲಮ್ಯಾರಿನಿಂದ ಯಾವುದಾದರೊಂದು ಪುಸ್ತಕವನ್ನು ತೆಗೆದು, ಈ ರಾತ್ರಿಯೇ ಒಂದು ಪುಟವನ್ನು ಮಕ್ಕಳ ಮುಂದೆ ಓದಿ ನೋಡಲಿ ಎಂದು ಕೇಳಿಕೊಳ್ಳುತ್ತೇವೆ.